ನಲವತ್ತೊಂದು ಗಂಟು

ಚಾಕೆ ಚಾಕೆ ಕೊಲ್ಲಿ, ಪೆಂಬಾ ದ್ವೀಪ
೯ ಜುಲೈ ೧೮೯೪

ಬಾಬಾ ಫೆರೂಜಿಯವರಿಗೆ ಮಜಲಿವಾ ಮಾಡುವ ಸಲಾಮು. ಇಷ್ಟು ದೂರದಿಂದಲೇ ನಿಮ್ಮ ಪಾದ ಹಿಡಿದಿದ್ದೇನೆ. ನೀವು ಹರಸುವವರೆಗೆ ಬಿಡುವುದಿಲ್ಲ.

ಗುಲಾಮರ ಸಾಗಣೆ ತಡೆಯುವ ಗಸ್ತುದೋಣಿಯ ದುಭಾಷಿಯಾಗಿ ನನಗೆ ನಾಲ್ಕು ತಿಂಗಳು ತುಂಬಿತು. ನೀವು ಇಪ್ಪತ್ತು ವರ್ಷ ಕುಳಿತ ಜಾಗದಲ್ಲಿ, ಚುಕ್ಕಾಣಿಯವನ ಎಡಕ್ಕೆ, ಈಗ ನಾನು ಕೂರುತ್ತೇನೆ. ಆ ಹಲಗೆಯ ಕೆಳಗೆ ಚಾಕುವಿನಿಂದ ಕೊರೆದ ನಿಮ್ಮ ಹೆಸರು ಇನ್ನೂ ಇದೆ. ಸರ್ಕಾರಿ ದೋಣಿಯನ್ನು ಕೊರೆದವರೇ ನನಗೆ ಶಿಸ್ತು ಕಲಿಸಿದರು ಎಂದು ಹುಟ್ಟು ಹಾಕುವ ಸೊಂಗೋರೊಗೆ ಹೇಳಿದರೆ ಅವನು ದಿನವಿಡೀ ನಕ್ಕ.

ಕಳೆದ ಮಂಗಳವಾರದ ಸಂಗತಿ ನಿಮಗೆ ಹೇಳಲೇಬೇಕು. ಕಿಲ್ವಾ ಕಡೆಯಿಂದ ಅರಬ್ ನಾಡಿನ ಸೂರ್ ಊರಿನ ದೊಡ್ಡ ಹಾಯಿಹಡಗೊಂದು ಬಂತು. ಅದರ ಮೇಲೆ ಮೂರು ಬಣ್ಣದ ಬಾವುಟ. ಆ ಬಾವುಟದ ರಾಜ್ಯ ಹದಿನೇಳು ರಾಜ್ಯಗಳ ಒಪ್ಪಂದದಲ್ಲಿ ಹಡಗು ಶೋಧಿಸುವ ಕಲಮಿಗೆ ಒಪ್ಪದಿರುವುದು ನಿಮಗೆ ತಿಳಿದದ್ದೇ. ನಾವು ಪ್ರಯಾಣಿಕರ ಪಟ್ಟಿ ಕೂಗಬಹುದು, ತಲೆ ಎಣಿಸಬಹುದು, ಅಷ್ಟೇ. ಪಟ್ಟಿ ತಪ್ಪಿದರೆ ಮಾತ್ರ ಹಡಗನ್ನು ಎಳೆದೊಯ್ಯುವ ಅಧಿಕಾರ. ಹಡಗು ನಡೆಸುವ ನಾಖುದಾ ನಾಸಿಬ್ ಬಿನ್ ರಾಷಿದ್ ನಗುತ್ತಲೇ ಏಣಿ ಇಳಿಬಿಟ್ಟ.

“ಬಾರಪ್ಪಾ ದುಭಾಷಿ. ಪಟ್ಟಿ ಓದು, ತಲೆ ಎಣಿಸು, ಕಾಫಿ ಕುಡಿ, ನಡಿ. ನಿಮ್ಮ ಸಾಹೇಬ ಮೇಲೆ ಹತ್ತೋದು ಬೇಡ, ಪಾಪ, ಬಿಸಿಲು.”

ಹಡಗು ಬಲು ಶುಚಿಯಾಗಿತ್ತು. ಖಾಲಿ ಖರ್ಜೂರದ ಪೆಟ್ಟಿಗೆಗಳನ್ನು ಒಪ್ಪವಾಗಿ ಜೋಡಿಸಿದ್ದರು. ಒಂದಕ್ಕೂ ಇರುವೆ ಮುತ್ತಿರಲಿಲ್ಲ. ಹದಿನಾಲ್ಕು ಹೆಸರು ಕೂಗಿದೆ. ಹದಿನಾಲ್ಕೂ ಜನ ಓಗೊಟ್ಟರು. ಕೊನೆಯವಳು ಅಜೀಜಾ, ನಾಖುದಾನ ತಮ್ಮನ ಮಗಳು, ಹತ್ತು ವರ್ಷ. ಕೈಗೆ ಮದರಂಗಿ, ಬೆಳ್ಳಿ ಬಳೆ. ಬೆರಳಿಗೆ ಗಂಟುಗಂಟಿನ ದಾರವೊಂದನ್ನು ಸುತ್ತುತ್ತ ಕುಳಿತಿದ್ದಳು.

“ಏನಮ್ಮಾ, ಬಲೆ ಹೆಣೀತಿದ್ದೀಯಾ? ಯಾವ ಮೀನಿಗೆ?” ಎಂದೆ. ಅವಳು ದಾರವನ್ನು ಮುಷ್ಟಿಯೊಳಗೆ ಎಳೆದುಕೊಂಡಳು.

ಕೆಳಗಿನಿಂದ ಸೊಂಗೋರೊ, “ನಿನ್ನ ಮುಖ ಕಂಡ್ರೆ ಮೀನೇ ಓಡ್ತವೆ, ಆ ಮಗು ಹೆದರದೆ ಇರ್ತದಾ?” ಎಂದು ಕೂಗಿದ.

ಹದಿನಾಲ್ಕಕ್ಕೂ ಗುರುತು ಹಾಕಿ ಸಹಿ ಮಾಡಿದೆ. ಹಡಗು ಲಾಮುವಿಗೆ ಹೋಯಿತು. ಗಾಳಿಯ ಅಬ್ಬರ ತಗ್ಗುವ ಆಗಸ್ಟ್ ಕೊನೆಯವರೆಗೆ ಅಲ್ಲಿದ್ದು, ಆಮೇಲೆ ಸೂರ್‌ಗೆ ಹೊರಡುವುದಂತೆ. ಒಂದು ತಪ್ಪೂ ಇಲ್ಲದ ನನ್ನ ಪಟ್ಟಿಯನ್ನು ಲೆಫ್ಟಿನೆಂಟ್ ಸಾಹೇಬರು ಮೆಚ್ಚಿಕೊಂಡರು.

ಕೊನೆಗೆ ಅದೇ ಹಳೆಯ ಪ್ರಶ್ನೆ, ಬೇಸರಿಸಬೇಡಿ. ಹದಿನೆಂಟು ವರ್ಷದ ಹಿಂದೆ ನೀವು ನನ್ನನ್ನು ಅಂಥದೇ ಒಂದು ಹಡಗಿನಿಂದ ಎತ್ತಿ ಇಳಿಸಿದ ದಿನ ನಾನು ಏನಾದರೂ ಹೇಳಿದೆನೇ? ನನ್ನ ಬಳಿ ಏನಾದರೂ ಇತ್ತೇ?

ನಿಮ್ಮ
ಮಜಲಿವಾ


ಮಲಿಂಡಿ ಕೇರಿ, ಜಾಂಜಿಬಾರ್
೧೫ ಜುಲೈ ೧೮೯೪

ಮಗನೇ,

ಹರಸಿದ್ದೇನೆ. ಇನ್ನು ಪಾದ ಬಿಡು; ಮೊಣಕಾಲು ಮೊದಲೇ ನೋಯುತ್ತಿದೆ.

ಜಗಲಿಯ ಮೇಲೆ ಓದು ಕಲಿಯುವ ಮಕ್ಕಳು ಈಗ ಹನ್ನೊಂದು ಜನ. ಪಕ್ಕದ ಮನೆಯ ಜಫರಾನಿ ಅವರಿಗೆಲ್ಲ ಬೇಯಿಸಿದ ಮರಗೆಣಸು ಹಂಚುತ್ತ, “ಇವರು ಅಕ್ಷರಕ್ಕೆ ಬರ್ತಾರಾ, ಗೆಣಸಿಗೆ ಬರ್ತಾರಾ, ಒಂದಿನ ಗೆಣಸು ನಿಲ್ಲಿಸಿ ನೋಡ್ತೀನಿ” ಎಂದು ನನ್ನನ್ನು ಹೆದರಿಸುತ್ತಾಳೆ.

ನೀನು ಬರೆದ ಆ ಹುಡುಗಿಯ ದಾರದ ಬಗ್ಗೆ ಇನ್ನಷ್ಟು ತಿಳಿಸು. ಅದು ತೆಂಗಿನ ನಾರೋ, ಮರದ ತೊಗಟೆಯ ನಾರೋ? ಗಂಟುಗಳು ಎಷ್ಟಿದ್ದವು? ಒಂದರಿಂದ ಒಂದಕ್ಕೆ ಅಂತರ ಸಮವಾಗಿತ್ತೇ? ಮಕ್ಕಳಿಗೆ ಗಂಟು ಹಾಕುವುದನ್ನು ಕಲಿಸುತ್ತಿದ್ದೇನೆ, ಅದಕ್ಕಾಗಿ ಕೇಳಿದೆ. ಬೇಗ ಬರೆ.

ನಿನ್ನ ಪ್ರಶ್ನೆಗೆ ಹಿಂದೆ ಹೇಳಿದ್ದೇ ಉತ್ತರ. ನೀನು ಜ್ವರದಲ್ಲಿದ್ದೆ, ಮಾತಾಡಲಿಲ್ಲ. ಬರಿಗೈಯಲ್ಲಿ ಬಂದೆ.

ಫೆರೂಜಿ


ಚಾಕೆ ಚಾಕೆ
೨೪ ಜುಲೈ ೧೮೯೪

ಬಾಬಾ ಅವರಿಗೆ ಸಲಾಮು.

ಪತ್ರ ತಲುಪಿತು. ನನ್ನ ಕೆಲಸದ ಬಗ್ಗೆ ಅಷ್ಟು ಉದ್ದ ಬರೆದಿದ್ದೆ. ಹದಿನಾಲ್ಕು ಹೆಸರಿನಲ್ಲಿ ಒಂದೂ ತಪ್ಪಲಿಲ್ಲ ಎಂಬ ಮಾತಿಗೆ ನಿಮ್ಮಿಂದ ಒಂದು ‘ಭಲೆ’ ಬರಬಹುದೆಂದು ಕಾದಿದ್ದೆ. ನೀವು ಕೇಳಿದ್ದು ದಾರವನ್ನು.

ನಿಮ್ಮ ಜಾಗದಲ್ಲಿ ನಾನು ಕುಳಿತದ್ದು ನಿಮಗೆ ಹಿಡಿಸಲಿಲ್ಲವೇನೋ ಎಂದು ಒಂದು ಗಳಿಗೆ ಅನಿಸಿತು. ಸೊಂಗೋರೊ, “ಮುದುಕರಿಗೆ ಮೀನು ಕೊಟ್ರೆ ಮುಳ್ಳಿನ ಬಗ್ಗೆ ಕೇಳ್ತಾರೆ. ಉತ್ತರ ಬರೆದು ಸುಮ್ಮನಿರು” ಎಂದ. ಆದ್ದರಿಂದ ಬರೆಯುತ್ತಿದ್ದೇನೆ. ತೊಗಟೆಯ ನಾರು, ಕೆಂಪು ಬಣ್ಣ. ಗಂಟುಗಳು ಇಪ್ಪತ್ತರ ಮೇಲೆ ಇರಬಹುದು. ಅಂತರ ಸಮವಾಗಿತ್ತು. ನಿಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ.

ಮಜಲಿವಾ


ಮಲಿಂಡಿ ಕೇರಿ
೩೦ ಜುಲೈ ೧೮೯೪

ಮಗನೇ ಮಜಲಿವಾ,

ಕುಳಿತು ಓದು. ಸಾಹೇಬರ ಮುಂದೆ ಓದಬೇಡ.

ಗಂಟಿನ ಪಾಠದ ಮಾತು ಸುಳ್ಳು. ದೊಡ್ಡ ಸರೋವರದ ಕಡೆಯ ಜನ ಊರು ಬಿಟ್ಟು ಹೊರಟ ದಿನದಿಂದ, ದಿನಕ್ಕೊಂದರಂತೆ ತೊಗಟೆಯ ನಾರಿಗೆ ಗಂಟು ಹಾಕುತ್ತಾರೆ. ಎಷ್ಟು ಗಂಟೋ ಅಷ್ಟು ದಿನದ ದಾರಿ. ಕರಾವಳಿಯಲ್ಲಿ ಹುಟ್ಟಿದ ಮಗುವಿಗೆ ಇದು ಗೊತ್ತಿರುವುದಿಲ್ಲ. ಸೂರ್ ಊರಿನ ನಾಖುದಾನ ತಮ್ಮನ ಮಗಳಿಗಂತೂ ಗೊತ್ತಿರಲು ಸಾಧ್ಯವೇ ಇಲ್ಲ. ಹೆಸರು, ಬಳೆ, ಮದರಂಗಿ, ಇವನ್ನೆಲ್ಲ ಅವರು ಅವಳಿಗೆ ತೊಡಿಸಿದರು. ಅವಳದು ಅಂತ ಉಳಿದದ್ದು ಆ ದಾರ ಒಂದೇ.

ಖರ್ಜೂರ ತುಂಬಿದ್ದ ಪೆಟ್ಟಿಗೆಗೆ ಇರುವೆ ಮುತ್ತದೆ ಇರುತ್ತದೆಯೇ? ಅವುಗಳಲ್ಲಿ ಬಂದದ್ದು ಬಂದೂಕು, ಎಣ್ಣೆ ಹಚ್ಚಿದ ಬಂದೂಕು. ನಾನು ಕಂಡಷ್ಟು ಕಾಲವೂ ಇದು ಒಂದೇ ಬಾಗಿಲಿನ ವ್ಯಾಪಾರ: ಬಂದೂಕು ಒಳಗೆ ಹೋಗುತ್ತದೆ, ಆ ಬಂದೂಕಿಗೆ ಹೆದರಿದ ಮನುಷ್ಯರು ಹೊರಗೆ ಬರುತ್ತಾರೆ.

ನೀನೀಗ ಏನು ಯೋಚಿಸುತ್ತಿದ್ದೀಯೆಂದು ಬಲ್ಲೆ. ಆ ಹದಿನಾಲ್ಕನೆಯ ಗುರುತು ಹಾಕಿದ ಕೈ ನಿನ್ನದಿರಬಹುದು, ತಪ್ಪು ನನ್ನದು. ಇರುವೆ, ಹೆಜ್ಜೆ, ಊಟದ ರೀತಿ, ನೀರಿನ ಪೀಪಾಯಿಯ ಲೆಕ್ಕ, ಎಲ್ಲ ಗುರುತನ್ನೂ ನಿನಗೆ ಕಲಿಸಿದೆ. ದಾರದ ಗುರುತನ್ನು ಮಾತ್ರ ಕಲಿಸಲಿಲ್ಲ. ಯಾಕೆಂದು ಈಗ ಕೇಳಬೇಡ.

ಇನ್ನೂ ಒಂದು ತಿಂಗಳಿದೆ. ಕಡಲ ಮೇಲೆ ಆ ಬಾವುಟ ಅವಳನ್ನು ಮುಚ್ಚಿಡುತ್ತದೆ. ನೆಲದ ಮೇಲೆ ಬಾವುಟಕ್ಕೆ ಬೆಲೆಯಿಲ್ಲ. ಲಾಮುವಿನಲ್ಲಿ ಹಡಗಿನ ಹೆಂಗಸರು, ಮಕ್ಕಳು ಬಟ್ಟೆ ಒಗೆಯಲು ಬಾವಿಗೆ ಬಂದೇ ಬರುತ್ತಾರೆ. ಅವಳ ಕಾಲು ಮಣ್ಣು ಮುಟ್ಟಿದರೆ ಅವಳು ಲಾಮುವಿನ ಲಿವಾಲಿಯ, ಅಂದರೆ ಸುಲ್ತಾನರ ಅಧಿಕಾರಿಯ, ನ್ಯಾಯಕ್ಕೆ ಒಳಪಡುತ್ತಾಳೆ. ಆದರೆ ಮಾತು ಅವಳ ಬಾಯಿಂದಲೇ ಬರಬೇಕು. ಪಟ್ಟಿಯ ಹೆಸರು ಹಿಡಿದು ಕೂಗಬೇಡ. ಏನನ್ನೂ ಕೇಳಬೇಡ. ಬಾವಿಯ ಕಟ್ಟೆಯ ಮೇಲೆ ಕುಳಿತು ಒಂದು ನಾರಿಗೆ ಗಂಟು ಹಾಕುತ್ತಿರು.

ಹದಿನೇಳು ರಾಜ್ಯಗಳು ದೂರದ ಊರಲ್ಲಿ ಕೂಡಿ ಕಾಗದದ ಮೇಲೊಂದು ಬಲೆ ಹೆಣೆದಿವೆ. ಬಲೆಯ ಕಣ್ಣು ದೊಡ್ಡದಾಯಿತೆಂದು ಬಲೆಯನ್ನೇ ಬಿಸಾಡಬಾರದು. ಕಣ್ಣು ದೊಡ್ಡದಾದ ಕಡೆಯಲ್ಲೆಲ್ಲ ಒಬ್ಬ ಮನುಷ್ಯ ನಿಲ್ಲಬೇಕು. ಹೋಗು, ನಿಲ್ಲು.

ಫೆರೂಜಿ


ಮಲಿಂಡಿ ಕೇರಿ
೨೦ ಆಗಸ್ಟ್ ೧೮೯೪

ಮಗನೇ,

ಮೂರು ಟಪಾಲು ಬಂದು ಹೋದವು. ನಿನ್ನದೊಂದು ಸಾಲೂ ಇಲ್ಲ. ಗಾಳಿ ತಗ್ಗುತ್ತಿದೆ. ಮಾಡಿನ ತೆಂಗಿನ ಮಡಲುಗಳು ಮೊದಲಿನಷ್ಟು ಸದ್ದು ಮಾಡುತ್ತಿಲ್ಲ. ಆ ಸದ್ದು ಕಡಿಮೆಯಾದಷ್ಟೂ ಆ ಹಡಗು ಹೊರಡುವ ದಿನ ಹತ್ತಿರವಾಗುತ್ತಿದೆ.

ನೀನು ಮುನಿದಿದ್ದೀಯೆಂದು ತಿಳಿದೆ. ಯಾಕೆ ಕಲಿಸಲಿಲ್ಲ ಎಂಬುದನ್ನು ಹೇಳದೆ ಹೋದೆನಲ್ಲ, ಅದಕ್ಕೇ ಇರಬೇಕು. ನಿನ್ನೆ ಜಫರಾನಿ ನನ್ನ ಮಂಚದ ಕೆಳಗಿನ ಪೆಟ್ಟಿಗೆಯನ್ನು ಕಾಲಿನಿಂದ ಮುಂದೆ ತಳ್ಳಿ, “ಹದಿನೆಂಟು ವರ್ಷದಿಂದ ಕೋಳಿ ಹಾಗೆ ಇದರ ಮೇಲೆ ಕೂತಿದ್ದೀರಲ್ಲ, ಮರಿ ಆಯ್ತಾ?” ಎಂದಳು. ಪೆಟ್ಟಿಗೆ ತೆರೆದೆ.

ಈ ಪತ್ರದೊಂದಿಗೆ ಬಟ್ಟೆಯಲ್ಲಿ ಸುತ್ತಿ ಒಂದು ದಾರ ಕಳಿಸುತ್ತಿದ್ದೇನೆ. ಅದು ನಿನ್ನದು. ನೀನು ಬರಿಗೈಯಲ್ಲಿ ಬರಲಿಲ್ಲ. ಹಡಗಿನ ತಳದಿಂದ ನಿನ್ನನ್ನು ಎತ್ತಿಕೊಂಡಾಗ ಅದು ನಿನ್ನ ಎಡಗೈಗೆ ಸುತ್ತಿತ್ತು. ಜ್ವರದಲ್ಲಿ ಕೈ ಊದಿಕೊಂಡಿತ್ತು, ನಾನೇ ಬಿಡಿಸಿದೆ. ನಲವತ್ತೊಂದು ಗಂಟು.

ನಿನಗೆ ಯಾಕೆ ಕೊಡಲಿಲ್ಲವೆಂದರೆ, ಅದನ್ನು ಓದಬಲ್ಲವನು ನಾನು. ಮೊದಲ ಇಪ್ಪತ್ತೊಂಬತ್ತು ಗಂಟುಗಳು ಸಣ್ಣವು, ಬಿಗಿಯಾದವು, ಒಂದರಂತೆ ಇನ್ನೊಂದು. ದೊಡ್ಡವಳ ಕೈ, ಹೆಣ್ಣಿನ ಕೈ. ಅಲ್ಲಿಂದ ಮುಂದಿನವು ಸಡಿಲ, ಓರೆಕೋರೆ. ಅವು ಏಳು ವರ್ಷದ ಮಗುವಿನವು. ಆ ದಾರಿಯಲ್ಲಿ ನಡೆಯಲಾರದವರನ್ನು ಏನು ಮಾಡುತ್ತಿದ್ದರೆಂದು ನಾನು ಬಲ್ಲೆ. ನಾನೂ ಆ ದಾರಿಯಲ್ಲೇ ಬಂದವನು. ಬಿಗಿಯಾದ ಗಂಟು ಮುಗಿದ ಕಡೆ ನಿನ್ನ ತಾಯಿಯೂ ಮುಗಿದಳು ಎಂದು ಓದಿಕೊಂಡೆ. ಅದನ್ನು ಏಳು ವರ್ಷದ ಕೈಯಲ್ಲಿ ಹೇಗೆ ಇಡಲಿ? ಹತ್ತಾಗಲಿ ಎಂದುಕೊಂಡೆ. ಆಮೇಲೆ ಹದಿನೈದಾಗಲಿ ಎಂದುಕೊಂಡೆ.

ಇಷ್ಟೇ ಆಗಿದ್ದರೆ ನಾನು ಒಳ್ಳೆಯವನಾಗುತ್ತಿದ್ದೆ. ಇನ್ನೂ ಒಂದಿದೆ. ಊರು ಎಷ್ಟು ದಿನದ ದಾರಿಯೆಂದು ಗೊತ್ತಾದರೆ ನೀನು ಹೊರಟುಬಿಡುವೆ ಎಂದು ಹೆದರಿದೆ. ನನಗೆ ಇನ್ನಾರಿದ್ದರು? ನಿನ್ನ ದುಃಖ ಕಾಯುತ್ತೇನೆಂದು ಹೇಳಿಕೊಂಡು ನನ್ನ ಸುಖ ಕಾದುಕೊಂಡೆ. ಅದರ ಬೆಲೆಯನ್ನು ಈಗ ಬೇರೆ ಯಾರದೋ ಮಗು ತೆರುತ್ತಿದೆ.

ಬೈದು ಬರೆ, ಪರವಾಗಿಲ್ಲ. ಬರೆ.

ಫೆರೂಜಿ


ಲಾಮು
೯ ಸೆಪ್ಟೆಂಬರ್ ೧೮೯೪

ಬಾಬಾ ಅವರಿಗೆ ಮಜಲಿವಾ ಮಾಡುವ ಸಲಾಮು. ನಿಮ್ಮ ಪಾದ ಹಿಡಿದಿದ್ದೇನೆ. ಈ ಸಲ ನೀವು ಹರಸಿದರೂ ಬಿಡುವುದಿಲ್ಲ.

ನಾನು ಮುನಿದಿರಲಿಲ್ಲ. ಜುಲೈ ಕೊನೆಯ ನಿಮ್ಮ ಪತ್ರ ಓದಿದ ಮೇಲೆ, ಅವಳನ್ನು ಇಳಿಸುವವರೆಗೆ ನಿಮಗೊಂದು ಅಕ್ಷರ ಬರೆಯುವ ಯೋಗ್ಯತೆ ನನಗಿಲ್ಲ ಎಂದುಕೊಂಡೆ. ಸಾಹೇಬರ ಮುಂದೆ ನಿಂತು, ನಾನು ಹಾಕಿದ ಗುರುತು ಸುಳ್ಳಾಯಿತೆಂದು ಹೇಳಿದೆ. ಅವರು ನನ್ನ ಪಟ್ಟಿ ತೆಗೆದು ಹದಿನಾಲ್ಕನೆಯ ಹೆಸರು ನೋಡಿದರು. ಕೊನೆಗೆ, “ಲಾಮುವಿಗೆ ಎರಡು ದಿನ ಬೇಕು. ಹೋಗು, ಸಮವಸ್ತ್ರ ಹಾಕ್ಕೋಬೇಡ” ಎಂದರು.

ಹದಿನೇಳು ದಿನ ಬಾವಿಯ ಕಟ್ಟೆಯ ಮೇಲೆ ಕುಳಿತೆ. ತೆಂಗಿನ ನಾರಿಗೆ ಗಂಟು ಹಾಕಿದೆ. ನೀರಿಗೆ ಬರುವ ಹೆಂಗಸರಿಗೆ ನಾನೊಂದು ತಮಾಷೆಯಾದೆ. “ಅಯ್ಯಾ, ಮದುವೆಗೆ ಹಗ್ಗ ಹೊಸೀತಿದ್ದೀಯಾ? ಹುಡುಗಿ ಓಡಿ ಹೋಗ್ತಾಳೆ ಅಂತ ಭಯವಾ?” ಎಂದು ಒಬ್ಬಳು ದಿನವೂ ಕೇಳುತ್ತಿದ್ದಳು. ಹಡಗಿನವರು ಮೂರು ಸಲ ಬಂದು ಹೋದರು, ಅವಳು ಬರಲಿಲ್ಲ. ಗಾಳಿ ತಗ್ಗಿತು. ನಾಸಿಬ್‌ನ ಹಾಯಿಗಳನ್ನು ಹೊರತೆಗೆದು ಹೊಲಿಯಲು ಹರಡಿದ್ದರು. ಹದಿನೆಂಟನೆಯ ಬೆಳಿಗ್ಗೆ ಒಬ್ಬ ಮುದುಕಿಯ ಹಿಂದೆ, ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಅವಳು ಬಂದಳು.

ನಾನು ಮುಖ ಎತ್ತಲಿಲ್ಲ. ನಾಲ್ಕು ಗಂಟು ಹಾಕುವಷ್ಟು ಹೊತ್ತು ಅವಳು ನನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು. ಐದನೆಯದಕ್ಕೆ ತಡೆಯಲಾಗಲಿಲ್ಲ.

“ಹಾಗಲ್ಲ ಅಣ್ಣ. ಹಾಗೆ ಬಿಗಿದ್ರೆ ಬಿಚ್ಚೋಕಾಗಲ್ಲ.”

“ಬಿಚ್ಚೋದು ಯಾಕೆ?”

“ಮನೆಗೆ ವಾಪಸ್ ಹೋಗೋವಾಗ ದಿನಕ್ಕೊಂದು ಬಿಚ್ಚಬೇಕಲ್ಲ. ನಿನಗೆ ಯಾರೂ ಹೇಳ್ಕೊಟ್ಟಿಲ್ವಾ?”

ಇಲ್ಲ ಎಂದೆ. ಅವಳು ನನ್ನ ಪಕ್ಕ ಕುಳಿತು ಕಲಿಸಿದಳು. ಮುದುಕಿ ಬಟ್ಟೆ ಕುಕ್ಕುತ್ತಿದ್ದಳು. ನಿನ್ನ ಹೆಸರೇನೆಂದು ನಾನು ಕೇಳಲಿಲ್ಲ, ಬಾಬಾ, ನೀವು ಹೇಳಿದಂತೆ. ಅವಳೇ ಹೇಳಿದಳು: “ಅತುವೇನಿ.” ಹೇಳಿ, ಆ ಹೆಸರು ಇನ್ನೂ ಸರಿಯಾಗಿದೆಯೇ ಎಂದು ಪರೀಕ್ಷಿಸುವವಳಂತೆ ಮತ್ತೊಮ್ಮೆ ಹೇಳಿಕೊಂಡಳು.

ಅವಳನ್ನು ನೇರ ಲಿವಾಲಿಯ ಬಳಿಗೆ ಕರೆದೊಯ್ದೆ. ಅವರು ಕರೆಸಿದಾಗ ನಾಸಿಬ್ ಎಂದಿನಂತೆ ನಗುತ್ತ ಬಂದ. “ನನ್ನ ತಮ್ಮನ ಮಗಳು ಸ್ವಾಮಿ. ಹುಟ್ಟಿದಾಗಿಂದ ಸೂರ್ ಬಿಟ್ಟು ಹೊರಗೇ ಹೋದವಳಲ್ಲ, ಇದೇ ಮೊದಲ ಸಲ ಹಡಗಲ್ಲಿ ಕರ್ಕೊಂಡು ಬಂದೆ. ಈ ದುಭಾಷಿನೇ ಪಟ್ಟಿಗೆ ಸಹಿ ಹಾಕಿದ್ದಾನೆ, ಕೇಳಿ ಬೇಕಾದ್ರೆ.”

ಲಿವಾಲಿ ನನ್ನ ಕಡೆ ನೋಡಿದರು. “ಸಹಿ ನಿಂದೇನಾ?”

“ನಂದೇ ಸ್ವಾಮಿ. ನಾನು ಹೆಸರು ಓದಿದೆ, ಮಗೂನ ಓದಲಿಲ್ಲ.”

ಆಗ ಅತುವೇನಿ ಮುಷ್ಟಿ ಬಿಚ್ಚಿ ದಾರವನ್ನು ಅವರ ಚಾಪೆಯ ಮೇಲೆ ಹರಡಿ, ಒಂದೊಂದು ಗಂಟಿನ ಮೇಲೆ ಬೆರಳಿಟ್ಟು ಹೇಳುತ್ತಾ ಹೋದಳು. “ಇದು ಹೊಳೆ ದಾಟಿದ ದಿನ. ಇದು ಉಪ್ಪಿಲ್ಲದ ಗಂಜಿ. ಇದು ಅಜ್ಜ ಬಿದ್ದ ದಿನ. ಇದು ಪೆಟ್ಟಿಗೆ ಒಡೆದು ಬಂದೂಕು ಹಂಚಿದ್ರಲ್ಲ, ಆ ದಿನ. ಇದು ನೀರು ಉಪ್ಪಾದ ದಿನ. ಇದು ಬಳೆ ಹಾಕಿದ ದಿನ, ಅವತ್ತೇ ಹೊಸ ಹೆಸರು ಹೇಳ್ಕೊಟ್ರು.” ಇಪ್ಪತ್ತಾರನೆಯದರ ಮೇಲೆ ಬೆರಳಿಟ್ಟು ನನ್ನತ್ತ ತೋರಿಸಿದಳು. “ಇದು ಈ ಅಣ್ಣ ಬಲೆ ಹೆಣೀತಿದ್ದೀಯಾ ಅಂತ ಕೇಳಿದ ದಿನ.”

ನಾಸಿಬ್‌ನ ನಗು ಅಲ್ಲಿಗೆ ನಿಂತಿತು. ಇನ್ನೂ ಮೂವರು ಮಕ್ಕಳು ತಾವಾಗಿ ಮುಂದೆ ಬಂದರು. ಹಡಗು ಈಗ ಲಾಮುವಿನ ಕೆಸರಿನಲ್ಲಿ ಹಾಯಿಯಿಲ್ಲದೆ ನಿಂತಿದೆ. ಮಕ್ಕಳನ್ನು ಊರು ಮುಟ್ಟಿಸಲು ಹೊರಡುವ ತಂಡದೊಂದಿಗೆ ನನ್ನನ್ನು ಕಳಿಸಬೇಕೆಂದು ಕೇಳಿದೆ, ಸಾಹೇಬರು ಒಪ್ಪಿದ್ದಾರೆ.

ಇದೆಲ್ಲ ಮುಗಿದ ಮೂರನೆಯ ದಿನ, ಪೆಂಬಾಕ್ಕೆ ಹೋಗಿ ಅಲ್ಲಿಂದ ತಿರುಗಿ ನಿಮ್ಮ ಪತ್ರ ಬಂತು. ಬಟ್ಟೆ ಬಿಚ್ಚಿದೆ.

ಬಾಬಾ, ನೀವು ಇಪ್ಪತ್ತು ವರ್ಷ ಜನರ ಮುಖ ಓದಿದವರು. ಆದರೂ ಈ ದಾರವನ್ನು ತಪ್ಪಾಗಿ ಓದಿದ್ದೀರಿ. ನಾನೂ ಮೊದಲು ನಿಮ್ಮಂತೆಯೇ ಓದಿದೆ. ಅತುವೇನಿ ಅದನ್ನು ಬೆಳಕಿಗೆ ಹಿಡಿದು ನೋಡಿ, “ಮೂವತ್ತು, ಮೂವತ್ತೊಂದು ನೋಡಣ್ಣ” ಎಂದಳು. ಆ ಎರಡು ಗಂಟುಗಳು ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಮೊದಲ ಸುತ್ತು ಸಣ್ಣದು, ನೇರ. ಅದರ ಮೇಲಿನ ಸುತ್ತು ಓರೆ. ಅವು ಎರಡು ಕೈಗಳು ಕೂಡಿ ಹಾಕಿದ ಗಂಟುಗಳು. “ನನಗೂ ನಮ್ಮಮ್ಮ ಹೀಗೇ ಕಲಿಸಿದ್ದು” ಎಂದಳು.

ನನಗೆ ನನ್ನ ತಾಯಿಯ ಮುಖ ನೆನಪಿಗೆ ಬರಲಿಲ್ಲ, ಬಾಬಾ. ಬೆನ್ನಿಗೆ ತಾಗಿದ ಎದೆಯ ಬಿಸಿ, ನನ್ನ ಬೆರಳಿನ ಮೇಲೆ ಒಂದು ಬೆರಳು, ಇಷ್ಟು ಬಂತು. ಏನೋ ಬರಲಿದೆಯೆಂದು ಅವಳಿಗೆ ಮೊದಲೇ ತಿಳಿದಿತ್ತು. ಇದ್ದ ಎರಡು ದಿನವನ್ನು ಅವಳು ಅಳುತ್ತ ಕಳೆಯಲಿಲ್ಲ; ನನಗೆ ದಾರಿ ಎಣಿಸುವುದನ್ನು ಕಲಿಸಿದಳು. ಆ ಮೂವತ್ತೊಂದನೆಯ ಗಂಟಿನ ಜಾಗ ಕಿಲ್ವಾ ತೀರದಿಂದ ಎಂಟು ದಿನದ ದಾರಿ ಇರಬೇಕು. ಕಡೆಯ ಎರಡು ಗಂಟುಗಳು ಕಡಲ ಮೇಲಿನವಲ್ಲವೇ? ಅತುವೇನಿಯ ಊರಿಗೂ ಅದೇ ದಾರಿ. ಎಂಟನೆಯ ದಿನ ಅಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತೇನೆ.

ಅತುವೇನಿ ದಿನಕ್ಕೊಂದು ಗಂಟು ಬಿಚ್ಚುತ್ತ ನಡೆಯುತ್ತಾಳೆ. “ನೀನೂ ಬಿಚ್ಚು, ಇಬ್ಬರೂ ಸೇರಿ ಬಿಚ್ಚೋಣ” ಎಂದು ಕರೆದಿದ್ದಾಳೆ. ನನ್ನದನ್ನು ಬಿಚ್ಚಲು ನನಗೆ ಮನಸ್ಸು ಬರುತ್ತಿಲ್ಲ. ಅವು ಹಾಗೆಯೇ ಇರಲಿ.

ನಾನು ಹೊರಟುಬಿಡುವೆ ಎಂದು ಹೆದರಿದಿರಿ ಎಂದು ಬರೆದಿದ್ದೀರಿ. ನಲವತ್ತೊಂದರ ಆಚೆ ದಾರ ಒಂದು ಗೇಣು ಖಾಲಿ ಉಳಿದಿರುವುದನ್ನು ನೀವು ನೋಡಿದ್ದೀರಾ? ನೀವು ಎತ್ತಿಕೊಂಡಾಗ ನನಗೆ ಗಂಟು ಹಾಕಲು ಬರುತ್ತಿತ್ತು. ಈ ದಾರವನ್ನು ನೀವು ತೆಗೆದಿಟ್ಟರೆ ಏನಾಯಿತು, ಮಕ್ಕಳಿಗೆ ಬೇರೆ ದಾರ ಸಿಗುವುದಿಲ್ಲವೇ? ನಿಮ್ಮ ಅಂಗಳದಲ್ಲಿ ಬಲೆ ಒಣಗುತ್ತಿತ್ತು. ನಾರಿನ ರಾಶಿಯ ಮೇಲೆಯೇ ನಾನು ಮಲಗುತ್ತಿದ್ದೆ. ಹದಿನೆಂಟು ವರ್ಷದಲ್ಲಿ ಒಂದು ಗಂಟನ್ನೂ ನಾನು ಹಾಕಲಿಲ್ಲ. ಮನೆ ಬಿಟ್ಟವರು ದಿನ ಎಣಿಸುತ್ತಾರೆ, ಬಾಬಾ. ಮನೆಯಲ್ಲಿದ್ದವನಿಗೆ ಎಣಿಸುವುದು ನೆನಪೇ ಆಗಲಿಲ್ಲ.

ನಾಳೆ ಕಿಲ್ವಾಗೆ ಹೊರಡುತ್ತೇವೆ. ಆ ಖಾಲಿ ಗೇಣಿನಲ್ಲಿ ನಾಳೆಯಿಂದ ದಿನಕ್ಕೊಂದು ಗಂಟು ಹಾಕುತ್ತೇನೆ, ಅತುವೇನಿ ಕಲಿಸಿದಂತೆ, ಬಿಚ್ಚಲು ಬರುವ ಹಾಗೆ.

ನಿಮ್ಮ ಮಗ
ಮಜಲಿವಾ